ತೊಟ್ಟಿಯಲ್ಲಿ ತೇಲುವ ಟರ್ಬೈನ್: ಗಾಳಿ, ಅಲೆ ಒಂದೇ ಲೆಕ್ಕಕ್ಕೆ ಯಾಕೆ ಬರುವುದಿಲ್ಲ?

ಹೊಸಅಲೆ

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಮುಗಿಸಿ ಈಗ ಓಷನ್ ಎಂಜಿನಿಯರಿಂಗ್ ಎಂ.ಟೆಕ್‌ಗೆ ಸೇರಿದ್ದೇನೆ. ಪ್ರಾಜೆಕ್ಟ್‌ಗೆ ತೇಲುವ ವಿಂಡ್ ಟರ್ಬೈನ್ ತೆಗೆದುಕೊಳ್ಳೋಣ ಅಂತ ಇದ್ದೇನೆ. ಎರಡು ಪ್ರಶ್ನೆ ತಲೆ ತಿನ್ನುತ್ತಿವೆ.

ಒಂದು, ಅಲೆ ತೊಟ್ಟಿಯಲ್ಲಿ ಪರೀಕ್ಷೆ ಮಾಡುವ ಮಾದರಿಗಳ ಫೋಟೋ ನೋಡಿದೆ. ಕೆಳಗಿನ ತೇಲುವ ಭಾಗ ಅಸಲಿಯ ಪಡಿಯಚ್ಚು. ಆದರೆ ರೆಕ್ಕೆಗಳು ಮಾತ್ರ ಅಗಲ ಜಾಸ್ತಿ, ದಪ್ಪ ಕಡಿಮೆ. 1:50 ಅಂತ ಬರೆದು ರೆಕ್ಕೆಗೆ ಮಾತ್ರ ಬೇರೆ ಲೆಕ್ಕ ಯಾಕೆ?

ಎರಡು, ನಾರ್ವೆಯಲ್ಲಿ 2009ರಲ್ಲೇ ಹೈವಿಂಡ್ ಅನ್ನುವ ತೇಲುವ ಟರ್ಬೈನ್‌ಗಳಲ್ಲಿ ಮೊದಲನೆಯದು ತೇಲಿತು. ಸ್ಕಾಟ್ಲೆಂಡ್ ಹತ್ತಿರ 2017ರಿಂದ 6 ಮೆಗಾವ್ಯಾಟ್‌ನ ಐದು ಟರ್ಬೈನ್ ಕರೆಂಟ್ ಕೊಡುತ್ತಿವೆ. ಕಂಪನಿಗಳೇ ಕಟ್ಟಿ ನಿಲ್ಲಿಸಿದ ಮೇಲೆ ವಿಶ್ವವಿದ್ಯಾಲಯದವರು ತೊಟ್ಟಿಯಲ್ಲಿ ಮಾದರಿ ತೇಲಿಸಿ ಹೊಸದಾಗಿ ಏನು ಕಂಡುಹಿಡಿಯುತ್ತಾರೆ? ವ್ಯಂಗ್ಯ ಅಲ್ಲ. ಗೈಡ್ ಇದನ್ನೇ ಕೇಳಿದರೆ ಹೇಳಲು ಉತ್ತರ ಬೇಕು.

ಕಡಲಕಾಗೆ

ಮೊದಲನೆಯದನ್ನು ನಾನು ಹೇಳುತ್ತೇನೆ. ಎರಡನೆಯದಕ್ಕೆ ಮೇಷ್ಟ್ರು ಬರಲಿ.

ಅಲೆ ಗುರುತ್ವದಿಂದ ನಡೆಯುವ ಸಂಗತಿ. ಅದಕ್ಕೇ ತೊಟ್ಟಿಯ ಪರೀಕ್ಷೆ ಫ್ರೌಡ್ ಲೆಕ್ಕದಲ್ಲಿ ನಡೆಯುತ್ತದೆ. 1:50 ಅಂದರೆ ಉದ್ದ 50 ಪಟ್ಟು ಕಡಿಮೆ. ವೇಗ ಮತ್ತು ಸಮಯ 50ರ ವರ್ಗಮೂಲದಷ್ಟು, ಅಂದರೆ ಸುಮಾರು 7 ಪಟ್ಟು ಕಡಿಮೆ. ತೂಕ ಮತ್ತು ಬಲ 50ರ ಘನದಷ್ಟು, ಅಂದರೆ 1,25,000 ಪಟ್ಟು ಕಡಿಮೆ. ಕಡಲಲ್ಲಿ 10 ಮೀಟರ್ ಎತ್ತರ, 10 ಸೆಕೆಂಡ್ ಅವಧಿಯ ಅಲೆ ತೊಟ್ಟಿಯಲ್ಲಿ 20 ಸೆಂಟಿಮೀಟರ್ ಎತ್ತರ, 1.4 ಸೆಕೆಂಡ್ ಅವಧಿಯ ಅಲೆ ಆಗುತ್ತದೆ. ನೀರಿನ ಮಟ್ಟಿಗೆ ಇದು ಬಹಳ ಚೆನ್ನಾಗಿ ಕೂರುತ್ತದೆ.

ತಕರಾರು ಗಾಳಿಯದು. ಅಮೆರಿಕದ ಎನ್‌ಆರ್‌ಇಎಲ್ ಪ್ರಯೋಗಾಲಯದವರು ರೂಪಿಸಿದ, ಸಂಶೋಧಕರೆಲ್ಲ ಹೋಲಿಕೆಗೆ ಬಳಸುವ 5 ಮೆಗಾವ್ಯಾಟ್ ರೆಫರೆನ್ಸ್ ಟರ್ಬೈನನ್ನೇ ತೆಗೆದುಕೊಳ್ಳಿ. ಅದರ ರೋಟರ್ 126 ಮೀಟರ್. ಮಾದರಿಯಲ್ಲಿ ಎರಡೂವರೆ ಮೀಟರ್. ಅದು ಪೂರ್ಣ ಶಕ್ತಿ ಕೊಡಲು ಶುರು ಮಾಡುವ ಗಾಳಿ ಸೆಕೆಂಡಿಗೆ 11.4 ಮೀಟರ್. ತೊಟ್ಟಿಯ ಮೇಲೆ ಅದು 1.6 ಮೀಟರ್. ಇಷ್ಟು ಚಿಕ್ಕ ರೆಕ್ಕೆ, ಇಷ್ಟು ಮೆಲ್ಲನೆಯ ಗಾಳಿ ಎರಡೂ ಸೇರಿದರೆ ರೆನಾಲ್ಡ್ಸ್ ಸಂಖ್ಯೆ (ಹರಿವಿನ ವೇಗದ ಜೋರು ಅದರ ಸ್ನಿಗ್ಧತೆಯ ಎದುರು ಎಷ್ಟು ಅನ್ನುವ ಅಳತೆ) ಸುಮಾರು 350 ಪಟ್ಟು ಇಳಿದುಬಿಡುತ್ತದೆ. ಗಾಳಿ ರೆಕ್ಕೆಯ ಮೈಗೆ ಅಂಟಿಕೊಂಡು ಹರಿಯದೆ ಬೇಗ ಕಳಚಿಕೊಳ್ಳುತ್ತದೆ. ಲಿಫ್ಟ್ (ರೆಕ್ಕೆಯನ್ನು ಎತ್ತುವ ಬಲ) ಕುಸಿಯುತ್ತದೆ, ಡ್ರ್ಯಾಗ್ (ಹರಿವು ಒಡ್ಡುವ ಎಳೆತ) ಏರುತ್ತದೆ. ದೊಡ್ಡ ರೆಕ್ಕೆಗೆ ಹೇಳಿ ಮಾಡಿಸಿದ ದಪ್ಪ ಆಕಾರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅಸಲಿ ಟರ್ಬೈನ್ ಮೇಲೆ ಗಾಳಿಯ ತಳ್ಳುಬಲ ಹೆಚ್ಚೆಂದರೆ ಸುಮಾರು 80 ಟನ್ ತೂಕದಷ್ಟು. ಮಾದರಿಯಲ್ಲಿ ಅದು ಮುಕ್ಕಾಲು ಕಿಲೋಗಿಂತಲೂ ಕಡಿಮೆ. ಅಷ್ಟೂ ಬರದಿದ್ದರೆ ಪ್ಲಾಟ್‌ಫಾರ್ಮ್ ವಾಲಬೇಕಾದಷ್ಟು ವಾಲುವುದಿಲ್ಲ. 2011ರಲ್ಲಿ ಅಮೆರಿಕದ ಮೇನ್ ವಿಶ್ವವಿದ್ಯಾಲಯದವರು ನೆದರ್‌ಲ್ಯಾಂಡ್ಸ್‌ನ ಮರಿನ್ ತೊಟ್ಟಿಯಲ್ಲಿ ಡೀಪ್‌ಸಿವಿಂಡ್ ಅನ್ನುವ ತೇಲುವ ಟರ್ಬೈನ್ ಯೋಜನೆಯ ಪರೀಕ್ಷೆ ನಡೆಸಿದಾಗ ಆಗಿದ್ದು ಇದೇ. ರೆಕ್ಕೆಯನ್ನು ಅಸಲಿ ಆಕಾರದಲ್ಲೇ ಕುಗ್ಗಿಸಿದ್ದರು. ತಳ್ಳುಬಲ ಸಾಲದೆ ಗಾಳಿಯನ್ನು ಲೆಕ್ಕಕ್ಕಿಂತ ಜೋರಾಗಿ ಬೀಸಬೇಕಾಯಿತು. ಆಮೇಲೆ ಮೆಲ್ಲನೆಯ ಗಾಳಿಗೆ ತಕ್ಕ ತೆಳು, ಅಗಲ ರೆಕ್ಕೆ ಮಾಡಿಕೊಂಡು 2013ರಲ್ಲಿ ಮತ್ತೆ ಪರೀಕ್ಷೆ ಮಾಡಿದರು. ನೀವು ನೋಡಿದ ಫೋಟೋದ ರೆಕ್ಕೆ ಆ ಜಾತಿಯದು.

ಗಾಳಿಗೋಪುರ

ಅಂದರೆ ಬೇಕಾದ ಉತ್ತರ ಬರುವ ತನಕ ರೆಕ್ಕೆ ತಿದ್ದಿದರು ಅಂತಾಯಿತು. ಇದನ್ನು ಪರೀಕ್ಷೆ ಅಂತ ಯಾಕೆ ಕರೆಯಬೇಕು?

ಕಡಲಕಾಗೆ

ಏನನ್ನು ಪರೀಕ್ಷೆ ಮಾಡುತ್ತಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ ಗುರುಗಳೇ. ರೆಕ್ಕೆ ಹೇಗಿದೆ ಅಂತ ನೋಡಲು ಯಾರೂ ಅಲೆ ತೊಟ್ಟಿಗೆ ಬರುವುದಿಲ್ಲ. ಇಷ್ಟು ತಳ್ಳುಬಲ, ಇಂಥ ಅಲೆ ಒಟ್ಟಿಗೆ ಬಂದರೆ ಪ್ಲಾಟ್‌ಫಾರ್ಮ್ ಹೇಗೆ ಕುಣಿಯುತ್ತದೆ, ಲಂಗರಿನ ಸರಪಳಿ ಎಷ್ಟು ಬಿಗಿಯುತ್ತದೆ ಅಂತ ನೋಡಲು ಬರುತ್ತಾರೆ. ಅದಕ್ಕೆ ತಳ್ಳುಬಲ ಸರಿ ಇದ್ದರೆ ಸಾಕು.

ಆದರೆ ನಿಮ್ಮ ಅನುಮಾನದಲ್ಲಿ ಹುರುಳಿಲ್ಲ ಅಂತ ಹೇಳುವುದಿಲ್ಲ. ತಳ್ಳುಬಲ ಹೊಂದಿಸಿದರೆ ರೋಟರನ್ನು ತಿರುಗಿಸುವ ತಿರುಚುಬಲ (ಟಾರ್ಕ್) ಹೊಂದುವುದಿಲ್ಲ. ಹಾಗಾಗಿ ಆ ಮಾದರಿಯಿಂದ ಕರೆಂಟ್ ಎಷ್ಟು ಬರುತ್ತದೆ ಅಂತ ಹೇಳುವ ಹಾಗಿಲ್ಲ. ಇನ್ನೊಂದು, ಒಂದು ಗಾಳಿವೇಗಕ್ಕೆ ತಳ್ಳುಬಲ ಸರಿ ಇದ್ದರೆ ಸಾಲದು. ಗಾಳಿ ಸ್ವಲ್ಪ ಏರಿಳಿದಾಗ, ರೆಕ್ಕೆಯ ಕೋನ ಸ್ವಲ್ಪ ತಿರುಗಿದಾಗ ಅದು ಎಷ್ಟು ಬದಲಾಗುತ್ತದೆ ಅನ್ನುವುದೂ ಹೊಂದಬೇಕು. ಅದು ನಿಜಕ್ಕೂ ಕಷ್ಟ.

ತೊಟ್ಟಿಕೆಲಸ

ಕೆಲಸವೇ ತೊಟ್ಟಿಯ ಹತ್ತಿರ, ಅದಕ್ಕೇ ನಡುವೆ ಬಾಯಿ ಹಾಕುತ್ತೇನೆ.

ಈ ರೆಕ್ಕೆ ತಲೆನೋವೇ ಬೇಡ ಅಂತ ಕೆಲವರು ರೋಟರನ್ನೇ ತೆಗೆದುಬಿಟ್ಟಿದ್ದಾರೆ. ಗೋಪುರದ ತುದಿಗೆ ಒಂದು ಸಣ್ಣ ಫ್ಯಾನ್ ಕೂರಿಸುತ್ತಾರೆ. ಪಕ್ಕದ ಕಂಪ್ಯೂಟರಿನಲ್ಲಿ ಅಸಲಿ ಗಾತ್ರದ ಟರ್ಬೈನಿನ ಲೆಕ್ಕ ಓಡುತ್ತಿರುತ್ತದೆ. ಮಾದರಿ ಈ ಕ್ಷಣ ಎಲ್ಲಿದೆ, ಎಷ್ಟು ವೇಗದಲ್ಲಿ ವಾಲುತ್ತಿದೆ ಅಂತ ಅಳೆದು ಕಂಪ್ಯೂಟರಿಗೆ ಕೊಟ್ಟರೆ, ಈಗ ಇಷ್ಟು ಬಲ ಬೇಕು ಅಂತ ಅದು ಫ್ಯಾನಿಗೆ ಹೇಳುತ್ತದೆ. ಸ್ಪೇನಿನ ಸೆನರ್ ಸಂಸ್ಥೆಯವರದು ಈ ದಾರಿ. ನಾರ್ವೆಯ ಸಿಂಟೆಫ್‌ನವರು ಫ್ಯಾನ್ ಬದಲು ತೆಳು ತಂತಿಗಳಿಂದ ಗೋಪುರದ ತುದಿಯನ್ನು ಎಳೆಯುತ್ತಾರೆ. ಇಟಲಿಯ ಪೊಲಿಟೆಕ್ನಿಕೊ ದಿ ಮಿಲಾನೊದವರು ಇದನ್ನೇ ಉಲ್ಟಾ ಮಾಡಿದರು. ಟರ್ಬೈನನ್ನು ಗಾಳಿ ಸುರಂಗದಲ್ಲಿ ರೋಬೋಟ್ ಮೇಲೆ ನಿಲ್ಲಿಸಿ, ಕಡಲಿನ ಕುಣಿತವನ್ನು ಕಂಪ್ಯೂಟರಿನಿಂದ ಕೊಟ್ಟರು. ಅಲ್ಲಿ ಗಾಳಿ ನಿಜ, ನೀರು ಲೆಕ್ಕ. ಇಲ್ಲಿ ನೀರು ನಿಜ, ಗಾಳಿ ಲೆಕ್ಕ.

ಕೇಳಲು ಸೊಗಸಾಗಿದೆ. ಆದರೆ ಅಳತೆ ತೆಗೆದು, ಲೆಕ್ಕ ಮಾಡಿ, ಫ್ಯಾನ್ ವೇಗ ಹಿಡಿಯುವಷ್ಟರಲ್ಲಿ ಒಂದಿಷ್ಟು ತಡ ಆಗುತ್ತದೆ. 1:50ರಲ್ಲಿ ಮಾದರಿಯ 0.14 ಸೆಕೆಂಡ್ ತಡ ಅಂದರೆ ಕಡಲಲ್ಲಿ 1 ಸೆಕೆಂಡ್ ತಡ. ತಡವಾಗಿ ಬಂದ ಬಲ ಓಲಾಟವನ್ನು ತಗ್ಗಿಸುವ ಬದಲು ಹೆಚ್ಚಿಸಬಹುದು. ಅದನ್ನು ಮುಂಚೆಯೇ ಊಹಿಸಿ ಸರಿಪಡಿಸುವುದೇ ಒಂದು ಪಿಎಚ್‌ಡಿಗೆ ಆಗುವಷ್ಟು ಕೆಲಸ.

ಇನ್ನು ಪೇಪರ್‌ಗಳಲ್ಲಿ ಒಂದೇ ಸಾಲಿನಲ್ಲಿ ಮುಗಿಸುವ ವಿಷಯಗಳಿವೆ. ಸೆನ್ಸರ್ ವೈರುಗಳ ಕಟ್ಟು ಗೋಪುರದಿಂದ ಇಳಿದು ದಡಕ್ಕೆ ಬರುತ್ತದಲ್ಲ, ಅದೇ ಒಂದು ಸ್ಪ್ರಿಂಗ್ ತರಹ ಮಾದರಿಯನ್ನು ಹಿಡಿದೆಳೆಯುತ್ತದೆ. ಮಾದರಿಗೆ ತಗಲುವ ಬಲವೇ ಇಷ್ಟಿಷ್ಟು ಇರುವಾಗ ಇದು ಸಣ್ಣ ವಿಷಯವಲ್ಲ. ಒಂದು ಪರೀಕ್ಷೆ ಮುಗಿದ ಮೇಲೆ ನೀರು ನಿಶ್ಚಲವಾಗುವ ತನಕ ಸುಮ್ನೆ ಕಾಯಬೇಕು. ಮೇಲೆ ನೋಡಿದರೆ ಶಾಂತ, ಆದರೆ ತೊಟ್ಟಿಯ ಉದ್ದಕ್ಕೂ ಹೋಗಿಬರುವ ನಿಧಾನದ ಅಲೆ ಇನ್ನೂ ಇರುತ್ತದೆ. ಆತುರದವರು ಅದನ್ನೂ ಸೇರಿಸಿ ಅಳೆದುಬಿಡುತ್ತಾರೆ.

ಲೆಕ್ಕದಮೇಷ್ಟ್ರು

ಕಾಗೆ ಕರೆದದ್ದಕ್ಕೆ ಬಂದೆ. ಎರಡನೇ ಪ್ರಶ್ನೆಗೆ ಉತ್ತರ ತೊಟ್ಟಿಕೆಲಸದವರ ಕೊನೇ ಪ್ಯಾರಾದಲ್ಲೇ ಅರ್ಧ ಇದೆ. ನಿಧಾನದ ಅಲೆ.

ತೇಲುವ ಟರ್ಬೈನ್ ವಿನ್ಯಾಸ ಮಾಡುವವರ ಮೊದಲ ಉಪಾಯ ಏನು? ಕಡಲಿನ ಅಲೆಗಳ ಅವಧಿ ಹೆಚ್ಚಾಗಿ 5ರಿಂದ 20 ಸೆಕೆಂಡ್. ಪ್ಲಾಟ್‌ಫಾರ್ಮಿನ ಸಹಜ ಅವಧಿ ಆ ಪಟ್ಟಿಯಿಂದ ಹೊರಗೆ ಇರುವ ಹಾಗೆ ಕಟ್ಟುವುದು. ಡೀಪ್‌ಸಿವಿಂಡ್ ಸೆಮಿಸಬ್ (ಅರ್ಧ ಮುಳುಗಿ ತೇಲುವ, ಹಲವು ಕಂಬಗಳ ಪ್ಲಾಟ್‌ಫಾರ್ಮ್) ಮುಂದೆ-ಹಿಂದೆ ವಾಲುವ ಅವಧಿ ಸುಮಾರು 27 ಸೆಕೆಂಡ್. ಸರಪಳಿ ಹಿಡಿದುಕೊಂಡು ಇಡೀ ಮೈ ಮುಂದೆ-ಹಿಂದೆ ಸರಿಯುವ ಅವಧಿ 110 ಸೆಕೆಂಡ್ ಆಸುಪಾಸು. ಅಂಥ ಅಲೆ ಕಡಲಲ್ಲಿ ಇಲ್ಲ, ಹಾಗಾಗಿ ಅನುರಣನದ (ರೆಸೊನೆನ್ಸ್) ಭಯ ಇಲ್ಲ ಅಂತ ಲೆಕ್ಕ.

ಈಗ 10 ಸೆಕೆಂಡಿನ ಅಲೆ, 11 ಸೆಕೆಂಡಿನ ಅಲೆ ಎರಡೂ ಒಟ್ಟಿಗೆ ಬಂದವು ಅಂತಿಟ್ಟುಕೊಳ್ಳಿ. ಅವುಗಳ ಆವರ್ತನದ ವ್ಯತ್ಯಾಸ ತೆಗೆದು ಅವಧಿ ನೋಡಿ: 110 ಸೆಕೆಂಡ್! ನೀರಿನ ಒತ್ತಡದ ಲೆಕ್ಕದಲ್ಲಿ ವೇಗದ ವರ್ಗ ಬರುತ್ತದೆ. ವರ್ಗ ಬಂದಲ್ಲಿ ವ್ಯತ್ಯಾಸದ ಆವರ್ತನವೂ ಹುಟ್ಟುತ್ತದೆ. ಬಲ ಚಿಕ್ಕದು. ಆದರೆ ಸರಿಯಾಗಿ ಪ್ಲಾಟ್‌ಫಾರ್ಮಿನ ಸಹಜ ಅವಧಿಗೆ ಬಂದು ಬೀಳುತ್ತದೆ. ಅಷ್ಟು ನಿಧಾನದ ಚಲನೆಗೆ ಡ್ಯಾಂಪಿಂಗ್, ಅಂದರೆ ಓಲಾಟವನ್ನು ತಗ್ಗಿಸುವ ತಡೆ ಕೂಡ ಕಡಿಮೆ. ಹಾಗಾಗಿ ಓಲಾಟ ದೊಡ್ಡದಾಗುತ್ತದೆ.

ಇಲ್ಲೇ ಕಥೆ ಇರುವುದು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಆಶ್ರಯದಲ್ಲಿ ಓಸಿ3, ಓಸಿ4, ಓಸಿ5, ಓಸಿ6 ಅಂತ ಸಾಲಾಗಿ ಯೋಜನೆಗಳು ನಡೆದವು. ಅನೇಕ ವಿಶ್ವವಿದ್ಯಾಲಯ, ಸಂಸ್ಥೆ, ಕಂಪನಿಗಳು ಒಂದೇ ಟರ್ಬೈನನ್ನು ತಮ್ಮ ತಮ್ಮ ಸಾಫ್ಟ್‌ವೇರಿನಲ್ಲಿ ಲೆಕ್ಕ ಹಾಕಿ ಹೋಲಿಸುವ ಕೆಲಸ. ಮೊದಲ ಎರಡರಲ್ಲಿ ಸಾಫ್ಟ್‌ವೇರನ್ನು ಸಾಫ್ಟ್‌ವೇರಿಗೇ ಹೋಲಿಸಿದರು. ಓಸಿ5ರಲ್ಲಿ ಮೊದಲ ಬಾರಿಗೆ ತೊಟ್ಟಿಯ ಅಳತೆ ಮುಂದಿಟ್ಟರು. ಆಗ ಗೊತ್ತಾಯಿತು, ಗೋಪುರದ ಬುಡ ಮತ್ತು ಗಾಳಿಗೆ ಎದುರಿನ ಸರಪಳಿಯ ಮೇಲಿನ ಬಲವನ್ನು ಹೆಚ್ಚು ಕಡಿಮೆ ಎಲ್ಲರ ಸಾಫ್ಟ್‌ವೇರೂ ಸರಾಸರಿ 20 ಪ್ರತಿಶತದಷ್ಟು ಕಡಿಮೆ ತೋರಿಸುತ್ತಿತ್ತು. ಮುಖ್ಯ ಕಾರಣ ಇದೇ ನಿಧಾನದ ಓಲಾಟ. ಒಬ್ಬಿಬ್ಬರ ಲೆಕ್ಕ ತಪ್ಪಿದ್ದರೆ ಬೇರೆ ಮಾತು. ಎಲ್ಲರೂ ಒಂದೇ ಕಡೆಗೆ ತಪ್ಪಿದರೆ ಲೆಕ್ಕದ ಬುಡದಲ್ಲೇ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಓಸಿ6ರ ಮೊದಲ ಹಂತ ಇದೊಂದನ್ನೇ ಹಿಡಿದು ಹೊರಟಿತು.

ಈಗ ಹೇಳಿ ಹೊಸಅಲೆ, ಕಂಪನಿ ಇದನ್ನು ಕಂಡುಹಿಡಿದಿದ್ದರೆ ನಮಗೆ ಹೇಳುತ್ತಿತ್ತಾ?

ಗಾಳಿಗೋಪುರ

20 ಪ್ರತಿಶತ ತಾನೇ ಮೇಷ್ಟ್ರೇ. ಸೇಫ್ಟಿ ಫ್ಯಾಕ್ಟರ್ ಅಂತ ಇರುವುದು ಅದಕ್ಕೇ ಅಲ್ವಾ? ಸ್ವಲ್ಪ ಉಕ್ಕು ಜಾಸ್ತಿ ಹಾಕಿದರೆ ಮುಗಿಯಿತು.

ಲೆಕ್ಕದಮೇಷ್ಟ್ರು

ಒಂದೇ ಸಲ ಬರುವ ದೊಡ್ಡ ಬಲಕ್ಕೆ ನಿಮ್ಮ ಮಾತು ನಡೆಯುತ್ತದೆ. ಮತ್ತೆ ಮತ್ತೆ ಬೀಳುವ ಬಲದಿಂದ ಲೋಹಕ್ಕೆ ಆಗುವ ದಣಿವಿಗೆ (ಫೆಟೀಗ್) ನಡೆಯುವುದಿಲ್ಲ. ಬೆಸುಗೆಯ ಕೀಲುಗಳಲ್ಲಿ ಸವೆತ ಒತ್ತಡದ ಮೂರನೇ ಘಾತದ ಹಾಗೆ ಏರುತ್ತದೆ, ಕೆಲವು ಕಡೆ ಐದನೇ ಘಾತ. ಒತ್ತಡ 20 ಪ್ರತಿಶತ ಜಾಸ್ತಿ ಆದರೆ ಸವೆತ 1.7 ಪಟ್ಟು, ಇಲ್ಲವೇ ಸುಮಾರು 2.5 ಪಟ್ಟು. 25 ವರ್ಷ ಬಾಳಬೇಕಾದ ಕೀಲು 10 ವರ್ಷಕ್ಕೆ ಬಿರುಕು ಬಿಡಬಹುದು.

ಇನ್ನು ಉಕ್ಕು. ಅದೇ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ (ಐಇಎ) 15 ಮೆಗಾವ್ಯಾಟ್ ರೆಫರೆನ್ಸ್ ಟರ್ಬೈನಿಗೆ ಮೇನ್ ವಿಶ್ವವಿದ್ಯಾಲಯದವರು ಬರೆದುಕೊಟ್ಟ ವೋಲ್ಟರ್ನ್‌ಯುಎಸ್-ಎಸ್ ಪ್ಲಾಟ್‌ಫಾರ್ಮ್ ಇದೆಯಲ್ಲ, ಅದು ಒಳಗೆ ತುಂಬುವ ನೀರನ್ನೂ ಸೇರಿಸಿ ಸ್ಥಳಾಂತರಿಸುವುದು 20,000 ಟನ್‌ಗೂ ಹೆಚ್ಚು. ಇಂಥವು ಐವತ್ತು, ನೂರು ಬೇಕಾದಾಗ ‘ಸ್ವಲ್ಪ ಉಕ್ಕು’ ಎಷ್ಟಾಗುತ್ತದೆ ನೀವೇ ನೋಡಿ.

ರೆಕ್ಕೆಕೋನ

ನನ್ನದು ಕಂಟ್ರೋಲ್ ವಿಭಾಗ. ನೆಲದ ಮೇಲಿನ ಟರ್ಬೈನಿಗೆ ಇಲ್ಲದ, ತೇಲುವುದಕ್ಕೆ ಮಾತ್ರ ಇರುವ ಒಂದು ವಿಚಿತ್ರ ಹೇಳಬೇಕು.

ಗಾಳಿ ಒಂದು ಮಟ್ಟ ದಾಟಿದ ಮೇಲೆ ಕಂಟ್ರೋಲರ್ ರೆಕ್ಕೆಯ ಕೋನ ತಿರುಗಿಸಿ ಹೆಚ್ಚಿನ ಗಾಳಿಯನ್ನು ಜಾರಿಸಿಬಿಡುತ್ತದೆ. ಉತ್ಪಾದನೆ ಸ್ಥಿರ ಇರಬೇಕು, ಅದಕ್ಕೆ. ಇದರ ಪರಿಣಾಮ, ಗಾಳಿ ಹೆಚ್ಚಿದಂತೆ ತಳ್ಳುಬಲ ಕಡಿಮೆ ಆಗುತ್ತದೆ. ಈಗ ಇಡೀ ಟರ್ಬೈನ್ ಗಾಳಿಯ ಕಡೆಗೆ ವಾಲುತ್ತಿದೆ ಅಂದುಕೊಳ್ಳಿ. ರೆಕ್ಕೆಗೆ ಗಾಳಿ ಜಾಸ್ತಿ ಆದ ಹಾಗೆ ಕಾಣುತ್ತದೆ. ಕಂಟ್ರೋಲರ್ ಕೋನ ತಿರುಗಿಸುತ್ತದೆ. ತಡೆದು ಹಿಂದಕ್ಕೆ ತಳ್ಳಬೇಕಾದ ಬಲ ಆಗಲೇ ಇಳಿದುಬಿಡುತ್ತದೆ. ವಾಪಸ್ ಹೋಗುವಾಗ ಉಲ್ಟಾ, ತಳ್ಳುಬಲ ಏರುತ್ತದೆ. ಜೋಕಾಲಿಯನ್ನು ಹೋಗುವ ದಿಕ್ಕಿಗೇ ಪ್ರತಿ ಸಲ ತಳ್ಳಿದರೆ ಹೇಗೋ ಹಾಗೆ. ಯಂತ್ರ ತನ್ನನ್ನು ತಾನೇ ತೂಗಿಕೊಳ್ಳುತ್ತದೆ. ಇದಕ್ಕೆ ನೆಗೆಟಿವ್ ಡ್ಯಾಂಪಿಂಗ್ ಅನ್ನುತ್ತಾರೆ.

ನೆಲದ ಮೇಲಿನ 5 ಮೆಗಾವ್ಯಾಟ್ ಟರ್ಬೈನಿನ ಕಂಟ್ರೋಲರ್ ಸುಮಾರು 10 ಸೆಕೆಂಡಿನ ಲಯದಲ್ಲಿ ಪ್ರತಿಕ್ರಿಯಿಸುತ್ತದೆ. ಸ್ಪಾರ್ (ಹೈವಿಂಡ್‌ನಂತೆ ನೀರೊಳಗೆ ಆಳಕ್ಕೆ ಇಳಿದ ಒಂಟಿ ಕಂಬದ ತೇಲುವ ಭಾಗ) ವಾಲುವ ಅವಧಿ 30 ಸೆಕೆಂಡ್ ಹತ್ತಿರ. ಕಂಟ್ರೋಲರ್ ಅದಕ್ಕಿಂತ ಚುರುಕಾಗಿರುವುದೇ ತೊಂದರೆ. ಓಸಿ3 ಹೈವಿಂಡ್ ಮಾದರಿಯಲ್ಲಿ ಅದನ್ನು 31 ಸೆಕೆಂಡ್ ಲಯಕ್ಕೆ ಇಳಿಸಿದರು. ವಾಲಾಟ ಹತೋಟಿಗೆ ಬಂತು, ಆದರೆ ರೋಟರಿನ ವೇಗ, ಕರೆಂಟು ಎರಡೂ ಜಾಸ್ತಿ ಏರಿಳಿಯಲು ಶುರುವಾದವು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ಪ್ಲಾಟ್‌ಫಾರ್ಮ್ ಕಟ್ಟುವವರು ಒಂದು ಕಡೆ, ಕಂಟ್ರೋಲರ್ ಬರೆಯುವವರು ಇನ್ನೊಂದು ಕಡೆ ಕೂತು ಕೆಲಸ ಮಾಡಿದರೆ ಇದು ಬಗೆಹರಿಯುವುದಿಲ್ಲ.

ಲಂಗರು

ಎಲ್ಲರೂ ನೀರಿನ ಮೇಲಿನದ್ದನ್ನೇ ಮಾತಾಡುತ್ತಿದ್ದೀರಿ. ತಳದಲ್ಲಿ ಏನಾಗುತ್ತದೆ ಅಂತ ಯಾರಿಗೂ ಬೇಡವಾ?

ನಾರ್ವೆಯ ಹೈವಿಂಡ್ ಟ್ಯಾಂಪೆನ್‌ನಲ್ಲಿ 11 ಟರ್ಬೈನ್, ಒಂದೊಂದಕ್ಕೂ ಮೂರು ಸರಪಳಿ. ಒಟ್ಟು 33. ಆದರೆ ಲಂಗರು 19 ಮಾತ್ರ. ಅಕ್ಕಪಕ್ಕದ ಟರ್ಬೈನ್‌ಗಳು ಲಂಗರು ಹಂಚಿಕೊಂಡಿವೆ. ಖರ್ಚು ಉಳಿಯಿತು, ಸರಿ. ಆದರೆ ಮೊದಲು ಒಂದೇ ದಿಕ್ಕಿಗೆ ಎಳೆಯುತ್ತಿದ್ದ ಲಂಗರನ್ನು ಈಗ ಎರಡು ಮೂರು ದಿಕ್ಕಿಂದ, ಬೇರೆ ಬೇರೆ ಹೊತ್ತಿಗೆ ಜಗ್ಗುತ್ತಾರೆ. ಸುತ್ತಲಿನ ಮಣ್ಣು ವರ್ಷಗಟ್ಟಲೆ ಹೀಗೆ ಅಲುಗಾಡಿದರೆ ಹಿಡಿತ ಸಡಿಲವಾಗುತ್ತದಾ, ಗಟ್ಟಿಯಾಗುತ್ತದಾ? ಮಣ್ಣಿನ ಜಾತಿಯ ಮೇಲೆ ಉತ್ತರ ಬದಲಾಗುತ್ತದೆ.

ಮಣ್ಣಿಗೂ ಮಾದರಿಯ ತಾಪತ್ರಯ ಇದೆ. ಲಂಗರನ್ನು 1:50ಕ್ಕೆ ಕುಗ್ಗಿಸಿ ಡಬ್ಬದಲ್ಲಿ ಹೂತರೆ ಮೇಲಿನ ಮಣ್ಣಿನ ಭಾರ ಸಾಲುವುದಿಲ್ಲ. ಅದಕ್ಕೆ ಇಡೀ ಡಬ್ಬವನ್ನೇ ಸೆಂಟ್ರಿಫ್ಯೂಜಿನಲ್ಲಿ ಗುರುತ್ವದ 50 ಪಟ್ಟು ಆಗುವಷ್ಟು ಜೋರಾಗಿ ತಿರುಗಿಸುತ್ತಾರೆ. ಆಗ ಮಣ್ಣಿನೊಳಗಿನ ಒತ್ತಡ ಅಸಲಿಯಷ್ಟೇ ಆಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯ, ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು ಇದರಲ್ಲಿ ಹೆಸರು ಮಾಡಿದವರು. ಗಾಳಿಯವರಿಗೆ ಇಂಥ ಅನುಕೂಲ ಇಲ್ಲ ನೋಡಿ!

ಗಾಳಿಗೋಪುರ

ಎಲ್ಲಾ ಕೇಳಿದೆ. ಪೇಪರಿಗೆ ಒಳ್ಳೆಯ ವಿಷಯಗಳು, ಒಪ್ಪಿದೆ. ಆದರೆ ಹೈವಿಂಡ್ ಸ್ಕಾಟ್ಲೆಂಡ್‌ನ ಐದೂ ಟರ್ಬೈನ್‌ಗಳನ್ನು 2024ರಲ್ಲಿ ದೊಡ್ಡ ರಿಪೇರಿಗೆ ಅಂತ ನಾರ್ವೆ ತನಕ ಎಳೆದುಕೊಂಡು ಹೋದರು. ಫುಕುಶಿಮಾ ಕಡಲಲ್ಲಿ ಜಪಾನ್ 2, 5 ಮತ್ತು 7 ಮೆಗಾವ್ಯಾಟ್‌ನ ಮೂರು ತೇಲಿಸಿತು. ಟೋಕಿಯೋ ವಿಶ್ವವಿದ್ಯಾಲಯದವರೂ ಅದರಲ್ಲಿ ಇದ್ದರು. ಲಾಭ ಇಲ್ಲ ಅಂತ ಮೂರನ್ನೂ ತೆಗೆದುಹಾಕಿದರು. ನಿಮ್ಮ ಸೂಕ್ಷ್ಮ ಲೆಕ್ಕಗಳು ಇದಕ್ಕೆ ಏನು ಹೇಳುತ್ತವೆ?

ತೊಟ್ಟಿಕೆಲಸ

ಅದೇ ಹೈವಿಂಡ್ ಸ್ಕಾಟ್ಲೆಂಡ್ ಮೊದಲ ಐದು ವರ್ಷ ಸರಾಸರಿ 54 ಪ್ರತಿಶತ ಕೆಪಾಸಿಟಿ ಫ್ಯಾಕ್ಟರ್ (ಸದಾ ಪೂರ್ಣ ಶಕ್ತಿಯಲ್ಲಿ ಓಡಿದ್ದರೆ ಬರುತ್ತಿದ್ದ ಕರೆಂಟಿನಲ್ಲಿ ನಿಜಕ್ಕೂ ಬಂದ ಪಾಲು) ಕೊಟ್ಟಿದೆ ಅಣ್ಣ, ಅದನ್ನೂ ಸೇರಿಸಿ ಹೇಳಿ. ಆದರೆ ಎಳೆದುಕೊಂಡು ಹೋಗುವ ಮಾತು ನಿಜ. ಸ್ಪಾರ್ ನೀರೊಳಗೆ ಸುಮಾರು 78 ಮೀಟರ್ ಇಳಿದಿರುತ್ತದೆ. ಅದನ್ನು ಒಳಗೆ ಬಿಟ್ಟುಕೊಳ್ಳುವ ಬಂದರು ಎಲ್ಲಿದೆ? ಆಳದ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಕಡಲ ಚಾಚು) ಇರುವ ನಾರ್ವೆಗೇ ಹೋಗಬೇಕು. ಸೆಮಿಸಬ್‌ಗೆ ಆ ಕಷ್ಟ ಇಲ್ಲ. ಸ್ಕಾಟ್ಲೆಂಡಿನ ಕಿನ್‌ಕಾರ್ಡಿನ್ ತೇಲುವ ವಿಂಡ್ ಫಾರ್ಮ್‌ನ ಒಂದು ಟರ್ಬೈನ್ 2022ರಲ್ಲಿ ರಾಟರ್‌ಡ್ಯಾಮ್‌ಗೆ ಬಂದು ರಿಪೇರಿ ಮಾಡಿಸಿಕೊಂಡು ಹೋಯಿತು. ಆಮೇಲೆ ಅಲ್ಲೇ ಕಡಲಲ್ಲೇ ಜನರೇಟರ್ ಬದಲಿಸುವ ಕೆಲಸವೂ ಆಯಿತು. ತೇಲುವ ಹಡಗಿನಿಂದ ತೇಲುವ ಗೋಪುರದ ತುದಿಗೆ ಟನ್‌ಗಟ್ಟಲೆ ಭಾರ ಏರಿಸುವುದು. ಎರಡೂ ಅಲ್ಲಾಡುತ್ತಿರುತ್ತವೆ, ಬೇರೆ ಬೇರೆ ಲಯದಲ್ಲಿ. ಎಷ್ಟು ಎತ್ತರದ ಅಲೆ ತನಕ ಈ ಕೆಲಸ ಮಾಡಬಹುದು ಅಂತ ಹೇಳಲು ಮತ್ತೆ ಅದೇ ಸೂಕ್ಷ್ಮ ಲೆಕ್ಕ ಬೇಕು.

ಕಡಲಕಾಗೆ

ಫುಕುಶಿಮಾದ 7 ಮೆಗಾವ್ಯಾಟ್‌ದಕ್ಕೆ ಕಾಟ ಕೊಟ್ಟದ್ದು ತೇಲುವ ಭಾಗ ಅಲ್ಲ, ಮೇಲಿನ ಹೈಡ್ರಾಲಿಕ್ ಡ್ರೈವ್. ಆ ಲೆಕ್ಕವನ್ನು ತೇಲುವಿಕೆಯ ತಲೆಗೆ ಕಟ್ಟಬೇಡಿ. ಖರ್ಚಿನ ಮಾತು ಒಪ್ಪುತ್ತೇನೆ, ಇವತ್ತಿಗೂ ತಳಕ್ಕೆ ನಾಟಿದ ಟರ್ಬೈನಿಗಿಂತ ಇದು ದುಬಾರಿ. ಆದರೆ ತಳಕ್ಕೆ ನಾಟುವುದು ಸುಮಾರು 60 ಮೀಟರ್ ಆಳದ ತನಕ ಮಾತ್ರ ಗಿಟ್ಟುತ್ತದೆ. ಕಡಲಿನ ಒಳ್ಳೆಯ ಗಾಳಿಯ ಬಹುಪಾಲು ಅದಕ್ಕಿಂತ ಆಳದ ಮೇಲೆ ಬೀಸುತ್ತದೆ.

ಅಂದಹಾಗೆ, ಈ ಯೋಚನೆ ಮೊದಲು ಹುಟ್ಟಿದ್ದೇ ವಿಶ್ವವಿದ್ಯಾಲಯದಲ್ಲಿ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿಲಿಯಂ ಹೆರೊನೆಮಸ್, ಮೊದಲು ನೌಕಾಪಡೆಯಲ್ಲಿ ಇದ್ದವರು, 1970ರ ದಶಕದ ಶುರುವಿನಲ್ಲೇ ಕಡಲಲ್ಲಿ ಟರ್ಬೈನ್ ತೇಲಿಸಿ ಹೈಡ್ರೋಜನ್ ಮಾಡೋಣ ಅಂದಿದ್ದರು. ನಕ್ಕವರು ಆಗಲೂ ಇದ್ದಿರಬೇಕು ಬಿಡಿ.

ಹೊಸಅಲೆ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮೇಷ್ಟ್ರೇ, ನಮ್ಮಲ್ಲಿ ದೊಡ್ಡ ತೊಟ್ಟಿ ಇಲ್ಲ. ಕಂಪ್ಯೂಟರ್ ಒಂದೇ ಗತಿ. ನಿಧಾನದ ಓಲಾಟದ ಮೇಲೆ ಏನಾದರೂ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?

ಲೆಕ್ಕದಮೇಷ್ಟ್ರು

ಧಾರಾಳವಾಗಿ. ಟರ್ಬೈನಿನ ಲೆಕ್ಕ ಹಾಕುವ ಓಪನ್‌ಫಾಸ್ಟ್ ಸಾಫ್ಟ್‌ವೇರ್ ಉಚಿತ, ಅದರ ಸೋರ್ಸ್ ಕೋಡ್ ಕೂಡ ತೆರೆದಿಟ್ಟಿದ್ದಾರೆ. ಅಲೆಯ ಬಲದ ಲೆಕ್ಕಕ್ಕೆ ಫ್ರಾನ್ಸಿನ ನಾಂಟ್‌ನ ಎಕೋಲ್ ಸೆಂಟ್ರಾಲ್ ಕಾಲೇಜಿನವರ ನೆಮೊ ಇದೆ, ಅದೂ ಉಚಿತ. ಕಂಟ್ರೋಲರಿಗೆ ರಾಸ್ಕೊ. 15 ಮೆಗಾವ್ಯಾಟ್ ಟರ್ಬೈನ್, ವೋಲ್ಟರ್ನ್‌ಯುಎಸ್-ಎಸ್ ಎರಡರ ಇನ್‌ಪುಟ್ ಫೈಲ್‌ಗಳೂ ಸಿಗುತ್ತವೆ. ಮೊದಲು ಗಾಳಿ, ಅಲೆ ಎರಡೂ ಇಲ್ಲದೆ ಪ್ಲಾಟ್‌ಫಾರ್ಮನ್ನು ಒಂದಿಷ್ಟು ಡಿಗ್ರಿ ವಾಲಿಸಿ ಬಿಟ್ಟುನೋಡಿ. ಅವಧಿ ಸುಮಾರು 28 ಸೆಕೆಂಡ್ ಬರಬೇಕು. ಮೇಲೆ-ಕೆಳಗಿನ ಓಲಾಟಕ್ಕೆ 20 ಸೆಕೆಂಡ್ ಆಸುಪಾಸು. ಅದು ಬಂದರೆ ಮುಂದಿನ ಮಾತು.

ಹೊಸಅಲೆ

ಮೇಷ್ಟ್ರೇ, ಮಾಡಿದೆ. ಅವಧಿ 28ರ ಹತ್ತಿರವೇ ಬಂತು! ಆದರೆ ನೋಡೋಣ ಅಂತ ನೀರಿನ ಡ್ರ್ಯಾಗ್ ಭಾಗವನ್ನು ಆಫ್ ಮಾಡಿ ಓಡಿಸಿದರೆ ಓಲಾಟ ನಿಲ್ಲುವುದೇ ಇಲ್ಲ. ಗ್ರಾಫ್ ಬಲಗಡೆ ಕೊನೆಯ ತನಕ ಹಾಗೇ ಹೋಗುತ್ತದೆ. ಸೆಟ್ಟಿಂಗ್ ಏನಾದರೂ ಕೆಟ್ಟಿದೆಯಾ?

ಲೆಕ್ಕದಮೇಷ್ಟ್ರು

ಸೆಟ್ಟಿಂಗ್ ಸರಿಯಾಗಿದೆ. ಆ ಲೆಕ್ಕದಲ್ಲಿ ನೀರಿಗೆ ಸ್ನಿಗ್ಧತೆಯೇ ಇಲ್ಲ. ಪ್ಲಾಟ್‌ಫಾರ್ಮ್ ಅಲೆ ಎಬ್ಬಿಸಿ ಕಳೆದುಕೊಳ್ಳುವ ಶಕ್ತಿ ಮಾತ್ರ ಇದೆ. 28 ಸೆಕೆಂಡಿನಷ್ಟು ನಿಧಾನಕ್ಕೆ ಓಲಾಡಿದರೆ ಅಲೆ ಏಳುವುದೇ ಇಲ್ಲ. ಹಾಗಾಗಿ ಡ್ಯಾಂಪಿಂಗ್ ಇಲ್ಲದ ಹಾಗೆಯೇ. ಕಡಲಲ್ಲಿ ಓಲಾಟ ನಿಲ್ಲಿಸುವುದು ಕಂಬಗಳ ಅಂಚಿನಲ್ಲಿ ಏಳುವ ಸುಳಿಗಳು. ಅದನ್ನು ಡ್ರ್ಯಾಗ್ ಗುಣಾಂಕ ಅಂತ ನಾವು ಕೈಯಿಂದ ತುಂಬುತ್ತೇವೆ. ಓಸಿ5ರ 20 ಪ್ರತಿಶತದ ಒಂದು ಪಾಲು ಈ ಗುಣಾಂಕದೊಳಗೇ ಕೂತಿದೆ.

ತೊಟ್ಟಿಕೆಲಸ

ಸಣ್ಣದಾಗಿ ವಾಲಿಸಿ ಬಿಟ್ಟರೆ ಒಂದು ಗುಣಾಂಕ ಹೊಂದುತ್ತದೆ, ಜೋರಾಗಿ ವಾಲಿಸಿ ಬಿಟ್ಟರೆ ಬೇರೊಂದು. ತೊಟ್ಟಿಯಲ್ಲಿ ದಿನಾ ನೋಡುವ ಸಂಗತಿ. ಹೊಸಅಲೆ, ಡ್ರ್ಯಾಗ್ ಮತ್ತೆ ಆನ್ ಮಾಡಿ. 2 ಡಿಗ್ರಿ ಮತ್ತು 8 ಡಿಗ್ರಿಯಿಂದ ಬಿಟ್ಟು ನೋಡಿ. ಒಂದೊಂದು ಸುತ್ತಿಗೂ ಓಲಾಟ ಎಷ್ಟು ಇಳಿಯಿತು ಅಂತ ಎರಡಕ್ಕೂ ಒಂದೇ ಗ್ರಾಫಿನಲ್ಲಿ ಹಾಕಿ. ಆಮೇಲೆ ಡೀಪ್‌ಸಿವಿಂಡ್‌ನ ಪ್ರಕಟವಾದ ತೊಟ್ಟಿ ಅಳತೆಗೂ ಅದೇ ಗ್ರಾಫ್ ಮಾಡಿ, ಎರಡರ ಇಳಿಜಾರು ಹೋಲಿಸಿ. ಗೈಡ್ ಹತ್ತಿರ ಹೋಗುವಾಗ ಅದನ್ನು ಹಿಡಿದುಕೊಂಡು ಹೋಗಿ.